ಇಂಜಿನ್ ಎಡಗಡೆ ಕರಕರ: ಟೈಮಿಂಗ್ ಚೈನ್ ನಾನೇ ಹಾಕಬಹುದಾ?

ಪ್ರಶ್ನೆ: ಸಾರ್, ನನ್ನದು 200 ಸಿಸಿ ಡ್ಯುಯಲ್ ಸ್ಪೋರ್ಟ್ ಬೈಕ್, ಸಿಂಗಲ್ ಸಿಲಿಂಡರ್. 38 ಸಾವಿರ ಕಿಲೋಮೀಟರ್ ಓಡಿದೆ. ಭಾನುವಾರ ಆವಲಬೆಟ್ಟದ ಕಡೆ ಸುತ್ತಾಟ. ಮಿಕ್ಕ ದಿನ ತೋಟದಿಂದ ಹಿಪ್ಪುನೇರಳೆ ಸೊಪ್ಪು ತರುವುದೂ ಇದರಲ್ಲೇ, ನಗಬೇಡಿ. ಎರಡು ತಿಂಗಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಇಂಜಿನ್ ಎಡಗಡೆ ಕರಕರ ಅನ್ನುತ್ತದೆ. ಬಿಸಿಯಾದರೆ ಕಡಿಮೆ, ಥ್ರಾಟಲ್ ಬಿಟ್ಟರೆ ಮತ್ತೆ ಶುರು. ಟ್ಯಾಪೆಟ್ (ವಾಲ್ವಿನ ಸಂದು) ಎರಡು ಸಲ ಸೆಟ್ ಮಾಡಿಸಿದೆ, ಹೋಗಲಿಲ್ಲ. ಒಬ್ಬ ಮೆಕ್ಯಾನಿಕ್, ಇಂಜಿನ್ ಒಳಗಿನ ಚೈನ್ ಬಿಗಿ ಇಡುವ ಟೆನ್ಷನರ್ ಕೆಳಗಿನ ಪ್ಯಾಕಿಂಗ್ ತೆಗೆದು ಟೈಟ್ ಮಾಡಿಕೊಟ್ಟರು, ಒಂದು ವಾರ ಸುಮ್ಮನಿತ್ತು. ಈಗ ಟೈಮಿಂಗ್ ಚೈನೇ ಹೋಗಿದೆ ಅನ್ನುತ್ತಿದ್ದಾರೆ. ನಾನೇ ಬಿಚ್ಚಿ ಹಾಕಬಹುದಾ? ಅಪ್ಪನ ಆರ್‌ಎಕ್ಸ್ 100ರಲ್ಲಿ ಈ ಕಾಟವೇ ಇರಲಿಲ್ಲ.
— ಒಬ್ಬ ಓದುಗ, ಶಿಡ್ಲಘಟ್ಟ

ಉತ್ತರ: ಯಾಕೆ ನಗಲಿ, ಅರ್ಧ ಉತ್ತರ ಆ ಸೊಪ್ಪಿನ ಹೊರೆಯಲ್ಲೇ ಇದೆ. ಮೀಟರ್ ಲೆಕ್ಕ ಇಡುವುದು ಚಕ್ರ ಸುತ್ತಿದ್ದನ್ನು, ಆದರೆ ಟೈಮಿಂಗ್ ಚೈನ್ ಸವೆಯುವುದು ಇಂಜಿನ್ ಸುತ್ತಿದ್ದಕ್ಕೆ. ಹೊರೆ ಹೊತ್ತು ಫಸ್ಟ್ ಗೇರಲ್ಲಿ ತೋಟದ ದಾರಿ ಹಿಡಿದರೆ ಒಂದು ಕಿಲೋಮೀಟರಿಗೆ ಇಂಜಿನ್ ಹೈವೇಗಿಂತ ಎಷ್ಟೋ ಪಟ್ಟು ಜಾಸ್ತಿ ಸುತ್ತಿರುತ್ತದೆ. ಅದಕ್ಕೇ ನಿಮ್ಮ 38 ಸಾವಿರ ಬೇರೆಯವರ 38 ಸಾವಿರ ಅಲ್ಲ. ಆಯಿಲ್ ಬದಲಾಯಿಸುವುದನ್ನೂ ಕಿಲೋಮೀಟರ್ ನೋಡಿಯೇ ಮುಂದಕ್ಕೆ ಹಾಕಿರುತ್ತೀರಿ, ಅಲ್ವಾ?

ಅಪ್ಪನ ಆರ್‌ಎಕ್ಸ್ 100 ಟೂ ಸ್ಟ್ರೋಕ್. ಅದರಲ್ಲಿ ವಾಲ್ವ್ ತೆರೆಯುವ ಕ್ಯಾಮೂ ಇಲ್ಲ, ಅದನ್ನು ತಿರುಗಿಸುವ ಚೈನೂ ಇಲ್ಲ. ಹಳೇ ಬುಲೆಟ್ಟಿನಲ್ಲಿ ಕ್ಯಾಮ್ ಇದ್ದರೂ ಅದು ಕೆಳಗೇ ಗೇರಿನಿಂದ ತಿರುಗುತ್ತದೆ, ಮೇಲೆ ವಾಲ್ವ್ ಒತ್ತುವ ರಾಕರನ್ನು ಉದ್ದ ಕಡ್ಡಿ ತಳ್ಳುತ್ತದೆ. ನಿಮ್ಮದರಲ್ಲಿ ಕ್ಯಾಮ್ ಸಿಲಿಂಡರ್ ಮೇಲಿನ ಹೆಡ್ಡಿನಲ್ಲಿದೆ. ಕೆಳಗೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತಿದರೆ ಅದು ಒಂದು ಸುತ್ತಬೇಕು, ಇಬ್ಬರನ್ನೂ ಕಟ್ಟಿಹಾಕಿರುವುದು ಈ ಸಣ್ಣ ಚೈನ್. ಚೈನ್ ಎಳೆದುಕೊಂಡಿದೆ ಅನ್ನುತ್ತೇವೆ, ನಿಜದಲ್ಲಿ ಪಿನ್ನುಗಳು ಸವೆದಿರುತ್ತವೆ. ನೂರು ಕೊಂಡಿ ಇದೆ ಅಂದುಕೊಳ್ಳಿ, ಒಂದೊಂದರಲ್ಲಿ 0.02 ಮಿ.ಮೀ. ಸವೆದರೂ ಒಟ್ಟು 2 ಮಿ.ಮೀ. ಉದ್ದವಾಯಿತು.

ಆ ಪ್ಯಾಕಿಂಗ್ ವೈದ್ಯ ನನಗೆ ಹಿಡಿಸಲಿಲ್ಲ. ಕಾಗದದಷ್ಟು ದಪ್ಪದ ಪ್ಯಾಕಿಂಗ್ ತೆಗೆದರೆ ಟೆನ್ಷನರ್ ಅಷ್ಟೇ ಒಳಗೆ ಹೋಗುತ್ತದೆ, ಒಂದು ವಾರ ಸದ್ದಿಲ್ಲ, ಆಮೇಲೆ ಆಯಿಲ್ ಒಸರುವುದು ಬೇರೆ. ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿದೆ. ಆಟೋಮ್ಯಾಟಿಕ್ ಟೆನ್ಷನರ್ ಬೋಲ್ಟ್ ಸಡಿಲ ಮಾಡಿದ ಕೂಡಲೇ ಒಳಗಿನ ಕಡ್ಡಿ ಸ್ಪ್ರಿಂಗ್ ಬಲಕ್ಕೆ ಮುಂದೆ ಬರುತ್ತದೆ, ಹಿಂದಕ್ಕೆ ತಾನಾಗಿ ಹೋಗುವುದಿಲ್ಲ, ಹಾಗೇ ಬೋಲ್ಟ್ ಬಿಗಿದರೆ ಚೈನ್ ತಂತಿಯ ಹಾಗೆ ಬಿಗಿದುಕೊಂಡು ತಾನು ಜಾರುವ ಗೈಡ್ ಪಟ್ಟಿಯನ್ನು ತಿನ್ನುತ್ತದೆ. ಪೂರ್ತಿ ಬಿಚ್ಚಿ, ಕಡ್ಡಿ ಒಳಗೆ ತಳ್ಳಿ ಲಾಕ್ ಮಾಡಿ, ಕೂರಿಸಿ, ಆಮೇಲೆ ಬಿಡಬೇಕು.

ಚೈನೇ ಹೋಗಿದೆಯಾ ಅಂತ ಮೊದಲು ನೋಡಿ, ಸದ್ದನ್ನೇ ನಂಬಿ ದುಡ್ಡು ಹಾಕಬೇಡಿ, ಒಮ್ಮೊಮ್ಮೆ ಟೆನ್ಷನರ್ ಮಾತ್ರ ಕೆಟ್ಟಿರುತ್ತದೆ. ಇಂಜಿನ್ ತಣ್ಣಗಿರುವಾಗ ಪ್ಲಗ್ ತೆಗೆದು ಮ್ಯಾಗ್ನೆಟ್ಟಿನ (ಕ್ರ್ಯಾಂಕ್ ತುದಿಯಲ್ಲಿ ಕರೆಂಟ್ ಹುಟ್ಟಿಸುವ ಚಕ್ರ) ಟಿ ಗುರುತು ಕೇಸಿನ ಗುರುತಿಗೆ ತನ್ನಿ, ಆಗ ಪಿಸ್ಟನ್ ತುತ್ತತುದಿಯಲ್ಲಿರುತ್ತದೆ. ಎರಡೂ ಟ್ಯಾಪೆಟ್ ಆಡಬೇಕು, ಆಡದಿದ್ದರೆ ಇನ್ನೊಂದು ಸುತ್ತು ತಿರುಗಿಸಿ. ಈಗ ಮೇಲಿನ ಸ್ಪ್ರಾಕೆಟ್ (ಕ್ಯಾಮಿನ ಹಲ್ಲುಚಕ್ರ) ಗುರುತು ತನ್ನ ಜಾಗಕ್ಕಿಂತ ಸ್ವಲ್ಪ ಹಿಂದೆ ನಿಂತಿದ್ದರೆ ಚೈನ್ ಉದ್ದವಾಗಿದೆ. ಸುಮ್ನೆ ಹೀಗೇ ಓಡಿಸಿದರೆ ಒಂದು ದಿನ ಹಲ್ಲು ಹಾರಿ ವಾಲ್ವಿಗೆ ಪಿಸ್ಟನ್ ಹೊಡೆಯಬಹುದು. ವಾಲ್ವ್ ಬಗ್ಗಿದರೆ ಖರ್ಚು ಚೈನಿನದ್ದಲ್ಲ, ಹೆಡ್ಡಿನದು.

ನೀವೇ ಹಾಕಬಹುದು, ಆದರೆ ಮ್ಯಾಗ್ನೆಟ್ ಪುಲ್ಲರ್ ಇದ್ದರೆ ಮಾತ್ರ. ಸದ್ದು ಎಡಗಡೆ ಅಂದಿರಿ, ಹಾಗಾದರೆ ಚೈನ್ ಮ್ಯಾಗ್ನೆಟ್ ಹಿಂದೆ ಇಳಿದಿರಬೇಕು (ಕೆಲವು ಇಂಜಿನ್ನಿನಲ್ಲಿ ಬಲಗಡೆ ಇರುತ್ತದೆ, ಮ್ಯಾನ್ಯುಯಲ್ ನೋಡಿ). ಸುತ್ತಿಗೆ ತರಬೇಡಿ. ಹೊಡೆದರೆ ಮ್ಯಾಗ್ನೆಟ್ ಬಿರುಕು ಬಿಡುತ್ತದೆ. ಶಾಫ್ಟಿನ ಮೇಲೆ ಅರ್ಧಚಂದ್ರದಂಥ ಕೀ ಇರುತ್ತದೆ, ಬಿದ್ದು ಕಳೆಯದಂತೆ ಡಬ್ಬಿಗೆ ಹಾಕಿ. ಟೆನ್ಷನರ್ ಮೊದಲು, ಮೇಲಿನ ಸ್ಪ್ರಾಕೆಟ್ ಆಮೇಲೆ. ಸ್ಪ್ರಾಕೆಟ್ ಬಿಚ್ಚುವ ಮುಂಚೆ ಚೈನಿಗೆ ತಂತಿ ಕಟ್ಟಿ, ಇಲ್ಲದಿದ್ದರೆ ಒಳಗೆ ಬಿದ್ದು ಮಧ್ಯಾಹ್ನದ ಊಟ ಹೋಯಿತು ಅಂತಲೇ ಲೆಕ್ಕ.

ಹಳೇ ಚೈನ್, ಹೊಸ ಚೈನ್ ಎರಡನ್ನೂ ಒಂದೇ ಮೊಳೆಗೆ ನೇತುಹಾಕಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಗೈಡಿನಲ್ಲಿ ಆಳದ ಗೆರೆ ಬಿದ್ದಿದ್ದರೆ ಅದೂ ಬದಲಾಗಲಿ. ಹಲವು ಇಂಜಿನ್ನಿನಲ್ಲಿ ಮುಂದಿನ ಗೈಡ್ ಹೊರಗೆ ಬರಲು ಹೆಡ್ ಎತ್ತಬೇಕು. ಅಲ್ಲಿಗೆ ಬಂದರೆ ಗ್ಯಾರೇಜಿಗೆ ಕೊಡಿ, ನಾಚಿಕೆ ಬೇಡ. ಕೂರಿಸುವಾಗ ಚೈನಿನ ಮುಂದಿನ ಎಳೆ ಬಿಗಿಯಾಗಿರಲಿ, ಸಡಿಲ ಎಲ್ಲ ಹಿಂದೆ, ಟೆನ್ಷನರ್ ಕಡೆ ಬರಲಿ. ಎಲ್ಲ ಮುಗಿದ ಮೇಲೆ ಸೆಲ್ಫ್ ಒತ್ತಬೇಡಿ. ಕೈಯಲ್ಲೇ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಹಲ್ಲು ತಪ್ಪಿದೆ ಅಂತ ಅರ್ಥ.

ಮತ್ತೆ, ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದು ಸೊಪ್ಪು ಜಾಸ್ತಿ ತಿನ್ನುವ ವಾರದಲ್ಲಿ ಇದಕ್ಕೆ ಕೈ ಹಾಕಬೇಡಿ. ಆಗ ಸೊಪ್ಪು ಹೊತ್ತು ತರುವವರು ಯಾರು?

ಪ್ರಶ್ನೆ: ಹಳೇ ಚೈನ್ ಕತ್ತರಿಸಿ, ಅದರ ತುದಿಗೆ ಹೊಸದನ್ನು ಕಟ್ಟಿ ಎಳೆದುಕೊಂಡರೆ ಮ್ಯಾಗ್ನೆಟ್ ಬಿಚ್ಚುವ ಕೆಲಸ ಉಳಿಯುವುದಿಲ್ಲವೇ?
— ಇನ್ನೊಬ್ಬ ಓದುಗ, ಚಿಂತಾಮಣಿ

ಉತ್ತರ: ದೊಡ್ಡ ನಾಲ್ಕು ಸಿಲಿಂಡರ್ ಬೈಕುಗಳಲ್ಲಿ ಹಾಗೆ ಮಾಡುವುದುಂಟು, ಆದರೆ ಕೊನೆಯ ಕೊಂಡಿಯನ್ನು ಅದರ ಟೂಲಿನಲ್ಲೇ ರಿವಿಟ್ ಹೊಡೆಯಬೇಕು. ಹೊರಗಿನ ಚೈನಿನ ಹಾಗೆ ಕ್ಲಿಪ್ ಲಾಕ್ ಹಾಕಿದರೆ ಅದು ಕಳಚಿ ಇಂಜಿನ್ ಒಳಗೇ ಬೀಳುತ್ತದೆ. ಸಿಂಗಲ್ ಸಿಲಿಂಡರಿಗೆ ಈ ಅಡ್ಡದಾರಿ ಬೇಡ. ಕೆಳಗಿನ ಸ್ಪ್ರಾಕೆಟ್ ಹಲ್ಲು ಕೊಕ್ಕೆಯಾಗಿದೆಯಾ, ಗೈಡ್ ಚೂರು ಆಯಿಲ್ ಜಾಲರಿಯಲ್ಲಿ ಸಿಕ್ಕಿದೆಯಾ ಅಂತ ನೋಡಬೇಕಲ್ಲ, ಬಿಚ್ಚದೆ ಹೇಗೆ ನೋಡುತ್ತೀರಿ?