ಬ್ರೇಡಿಗೆ ವಯಸ್ಸಾಗಿತ್ತಾ?
2019ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) ಟಾಮ್ ಬ್ರೇಡಿಯ ಟಚ್‌ಡೌನ್ ಪಾಸ್ (ಅಂಕ ತಂದುಕೊಡುವ ಎಸೆತ) 24ಕ್ಕೆ ಇಳಿದಿದ್ದು ವಯಸ್ಸಿನಿಂದ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ ಸರ್. ಅವನ ಎಸೆತ ಹಿಡಿಯುತ್ತಿದ್ದ ಗ್ರಾಂಕೋವ್‌ಸ್ಕಿ ನಿವೃತ್ತಿಯಾಗಿದ್ದ. ಎಡೆಲ್‌ಮನ್ ಬಿಟ್ಟರೆ ಚೆಂಡು ಹಿಡಿಯಲು ನೆಚ್ಚಿಕೊಳ್ಳುವಂಥವರು ಕಡಿಮೆ. ಮರುವರ್ಷ ಬ್ರೇಡಿ ಟ್ಯಾಂಪಾ ತಂಡಕ್ಕೆ ಹೋದ, ಚೆಂಡು ಹಿಡಿಯಲು ಮೈಕ್ ಇವಾನ್ಸ್, ಕ್ರಿಸ್ ಗಾಡ್ವಿನ್ ಸಿಕ್ಕರು. 43ನೇ ವಯಸ್ಸಿನಲ್ಲಿ 40 ಟಚ್‌ಡೌನ್, ಜೊತೆಗೆ ಸೂಪರ್ ಬೌಲ್ (ಲೀಗಿನ ಫೈನಲ್) ಗೆಲುವು!

ನಿಜವಾಗಿ ತೋಳು ಸೋತಿದ್ದನ್ನು ನೋಡಬೇಕಾ? ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ನ 2015ರ ಆಟ ಹಾಕಿ ನೋಡಿ. ಕಾನ್ಸಾಸ್ ಸಿಟಿ ವಿರುದ್ಧ 20 ಎಸೆತದಲ್ಲಿ 5 ಮಾತ್ರ ತಮ್ಮವರ ಕೈಸೇರಿದವು, 4 ಎದುರಾಳಿಗಳ ಪಾಲು. ಪಾದದ ನೋವೂ ಇತ್ತು, ಒಪ್ಪೋಣ. ಆದರೆ ಚೆಂಡು ಸುಮ್ನೆ ತೇಲುತ್ತಾ ಹೋಗುತ್ತಿತ್ತು, ಡಿಫೆಂಡರ್ ಓಡಿಬರುವಷ್ಟು ಪುರುಸೊತ್ತು ಕೊಟ್ಟು. ತಮಾಷೆ ಅಂದರೆ, ಆ ಸೀಸನ್ನಿನ ಸೂಪರ್ ಬೌಲ್ ಗೆದ್ದಿದ್ದು ಅವನ ಡೆನ್ವರ್ ತಂಡವೇ. ಜಾಸ್ತಿ ಪಾಲು ಡಿಫೆನ್ಸಿನದು.