ಡ್ರೋನ್ ಲೈಸೆನ್ಸಿಗೆ ಡಿಜಿಸಿಎ ತಾರೀಖು ಕಾಯಬೇಡ ತಮ್ಮಾ

ತಮ್ಮಾ, ನಿನ್ನ ಮೆಸೇಜ್ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಡಿಜಿಸಿಎ ಅಂದರೆ ವಿಮಾನ, ಡ್ರೋನುಗಳ ಉಸ್ತುವಾರಿ ನೋಡುವ ಕೇಂದ್ರ ಸರ್ಕಾರದ ಕಚೇರಿ. "ಡಿಜಿಸಿಎದವರು ಲೈಸೆನ್ಸ್ ಪರೀಕ್ಷೆಗೆ ಮೂರು ತಿಂಗಳಿಗೊಮ್ಮೆ ಕೂಡ್ತಾರಂತೆ, ಮುಂದಿನದು ಯಾವಾಗ? ಅಲ್ಲಿತನಕ ಸ್ಪ್ರೇ ಡ್ರೋನ್ ಟ್ರೇನಿಂಗಿಗೆ ದುಡ್ಡು ಕಟ್ಟಲ್ಲ" ಅಂತ ಬರೆದಿದ್ದೀಯಲ್ಲ, ಇದೇ ಮಾತು ನಂಬಿ ನಾನು ಒಂದು ಇಡೀ ಹಂಗಾಮು ಕಳೆದುಕೊಂಡೆ.

ನನಗೆ ಹೇಳಿದವನು ನಮ್ಮ ಅಕ್ಕನ ಮಗ. ಅವನು ವಿಮಾನದ ಪೈಲಟ್ ಆಗಲು ಓದುತ್ತಿದ್ದ. "ಮಾಮಾ, ಡಿಜಿಸಿಎ ಪರೀಕ್ಷೆ ವರ್ಷಕ್ಕೆ ನಾಲ್ಕು ಸಲ" ಅಂದ. ಅವನ ಮಾತು ಸುಳ್ಳಲ್ಲ. ವಿಮಾನದ ಪೈಲಟ್ಟುಗಳಿಗೆ ರೆಗ್ಯುಲರ್ ಸೆಶನ್ ವರ್ಷಕ್ಕೆ ನಾಲ್ಕೇ, ನಡುವೆ ಆನ್ ಡಿಮಾಂಡ್ ಪರೀಕ್ಷೆ ಬೇರೆ. ನಾನು ಅದನ್ನು ಡ್ರೋನಿಗೆ ಹಚ್ಚಿಕೊಂಡೆ. ಪ್ರತಿ ಸೋಮವಾರ ಪರೀಕ್ಷೆಯ ವೆಬ್‌ಸೈಟ್ ತೆಗೆದು ನೋಡುವುದು. ಅಲ್ಲಿ ಏರ್ ನ್ಯಾವಿಗೇಶನ್, ಮೆಟಿಯರಾಲಜಿ ಅಂತ ಪೇಪರ್ ಹೆಸರು ಕಂಡು ಹೆದರಿ, ಮೆಟಿಯರಾಲಜಿ ಗೈಡ್ ಒಂದನ್ನು ತರಿಸಿದೆ. ಬೇವಿನ ಮರದ ಕೆಳಗೆ ಕೂತು ಮೋಡದ ಜಾತಿ ಬಾಯಿಪಾಠ ಮಾಡುತ್ತಿದ್ದರೆ ನಮ್ಮವ್ವ "ಮಳೆ ಯಾವಾಗಂತ ಅದ್ರಾಗ ಬರದಾರೇನು?" ಅಂತ ಕೇಳಿದಳು. ಕೊನೆಗೆ ಕಂಪ್ಯೂಟರ್ ನಂಬರಿಗೆ, ಅಂದರೆ ಆ ಪರೀಕ್ಷೆಗೆ ಕೂರಲು ಬೇಕಾದ ನೋಂದಣಿ ನಂಬರಿಗೆ, ಅರ್ಜಿ ಹಾಕಲು ಕೂತೆ. ಪಿಯುಸಿಯ ಫಿಸಿಕ್ಸ್, ಮ್ಯಾಥ್ಸ್ ಅಂಕಪಟ್ಟಿ ಕೇಳಿತು. ನಾನು ಆರ್ಟ್ಸ್! ಅವತ್ತು ತಲೆಗೆ ಹೋಯಿತು, ಇದು ನಮ್ಮ ಬಾಗಿಲೇ ಅಲ್ಲ ಅಂತ. ಅಷ್ಟರಲ್ಲಿ ತೊಗರಿಗೆ ಕಾಯಿಕೊರಕ ಬಿದ್ದು, ಆಳು ಸಿಗದೆ, ಅರ್ಧ ಹೊಲಕ್ಕೆ ಎಣ್ಣೆ ಹೊಡೆಸಲು ಆಗಲೇ ಇಲ್ಲ.

ಡ್ರೋನಿಗೆ ಯಾರೂ ಎಲ್ಲೂ ಕೂಡುವುದಿಲ್ಲ. 2021ರ ಡ್ರೋನ್ ನಿಯಮ, ಆಮೇಲೆ 2022ರ ಫೆಬ್ರವರಿಯಲ್ಲಿ ಆದ ತಿದ್ದುಪಡಿ ಪ್ರಕಾರ ಅದು ಲೈಸೆನ್ಸೇ ಅಲ್ಲ, ರಿಮೋಟ್ ಪೈಲಟ್ ಸರ್ಟಿಫಿಕೇಟ್. ಡಿಜಿಸಿಎ ಒಪ್ಪಿಗೆ ಇರುವ ಟ್ರೇನಿಂಗ್ ಸಂಸ್ಥೆಯವರು ಕಲಿಸಿ, ಅವರೇ ಪರೀಕ್ಷೆ ಮಾಡಿ, ಅವರೇ ಕೊಡುತ್ತಾರೆ. ಹತ್ತನೇ ಪಾಸ್, ವಯಸ್ಸು 18ರಿಂದ 65. ಒಮ್ಮೆ ತೆಗೆದರೆ 10 ವರ್ಷ. ಹಾಗಾಗಿ ನೀನು ಕೇಳಬೇಕಾದದ್ದು "ನಿಮ್ಮ ಮುಂದಿನ ಬ್ಯಾಚ್ ಯಾವಾಗ" ಅಂತ, ಅದೂ ಡಿಜಿಸಿಎಗಲ್ಲ, ಸಂಸ್ಥೆಗೆ. ಬ್ಯಾಚ್ ತುಂಬಿದರೆ ಒಂದು ವಾರದ ಆಟ. "ಡಿಜಿಸಿಎದಾಗ ಡೇಟ್ ಹಿಡಿಸಿಕೊಡ್ತೀನಿ" ಅಂತ ಯಾವನಾದರೂ ಏಜೆಂಟ್ ರೊಕ್ಕ ಕೇಳಿದರೆ ಫೋನ್ ಇಡು. ಸಂಸ್ಥೆಯ ಹೆಸರು ಡಿಜಿಸಿಎ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡು. ಬರೀ ಬ್ಯಾನರ್ ಮೇಲೆ ವಿಮಾನದ ಚಿತ್ರ ಇದ್ದರೆ ಸಾಕಾಗಲ್ಲ.

ಈಗ ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಸರ್ಟಿಫಿಕೇಟ್ ಯಾವ ವರ್ಗದ್ದು ಅಂತ ನೋಡಿಕೋ. 2ರಿಂದ 25 ಕೆ.ಜಿ. ಸ್ಮಾಲ್, 25 ದಾಟಿದರೆ 150ರವರೆಗೆ ಮೀಡಿಯಮ್. ಇದು ಖಾಲಿ ಯಂತ್ರದ ತೂಕ ಅಲ್ಲಪ್ಪಾ, ಬ್ಯಾಟರಿ, ತುಂಬಿದ ಟ್ಯಾಂಕು ಎಲ್ಲ ಸೇರಿ. ನಮ್ಮ ದೋಸ್ತನ ದೊಡ್ಡ ಟ್ಯಾಂಕಿನ ಯಂತ್ರವನ್ನು ಮಹಾಲಿಂಗಪುರದ ಬೆಲ್ಲದ ಅಡತಿಯಲ್ಲಿ, ಪೆಂಟೆ ಇಡುವ ತಕ್ಕಡಿ ಮೇಲೆಯೇ ಇಟ್ಟೆವು. ನೀರು ಹಾಕುತ್ತಾ ಹೋದಂತೆ ಮುಳ್ಳು 25 ದಾಟಿತು, ಟ್ಯಾಂಕು ಇನ್ನೂ ಅರ್ಧ ಖಾಲಿ. ಅವನ ಹತ್ತಿರ ಇದ್ದದ್ದು ಸ್ಮಾಲ್ ಸರ್ಟಿಫಿಕೇಟ್! ಹಮಾಲರೆಲ್ಲ ಸುತ್ತ ನಿಂತು ನಗುತ್ತಿದ್ದರು. ಅದಕ್ಕೇ 10 ಲೀಟರಿನದು ತಗೋ ಅನ್ನುವುದು. ಅದರಲ್ಲೂ ಮಾಡೆಲ್ ನೋಡಿ, ತುಂಬಿದ ತೂಕ ಕಾಗದದ ಮೇಲೆ ಬರೆಸಿಕೊಂಡು ತಗೋ. ಟೈಪ್ ಸರ್ಟಿಫಿಕೇಟ್ (ಆ ಮಾಡೆಲ್‌ಗೆ ಸಿಕ್ಕ ಒಪ್ಪಿಗೆ) ಮತ್ತು ಯುಐಎನ್ ನಂಬರ್ (ಆ ಒಂದು ಯಂತ್ರದ ನೋಂದಣಿ ನಂಬರ್) ಇಲ್ಲದ ಯಂತ್ರ ಪುಕ್ಕಟೆ ಕೊಟ್ಟರೂ ಬೇಡ.

ಬ್ರ್ಯಾಂಡ್ ಕೇಳಿದ್ದೀಯ. ಚೀನಾದ ಡಿಜೆಐ ಯಂತ್ರ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ 2022ರಿಂದ ಹೊರದೇಶದ ಡ್ರೋನ್ ತರುವುದು ಬಂದ್ ಆಗಿದೆ. ಹಳೇದು ಅಗ್ಗಕ್ಕೆ ಸಿಗುತ್ತೆ ಅಂತ ಹೋಗಬೇಡ. ನಮ್ಮ ದೇಶದ್ದರಲ್ಲಿ ಅಗ್ರಿಬಾಟ್‌ಗೆ 2022ರ ಜೂನ್‌ನಲ್ಲೇ ಟೈಪ್ ಸರ್ಟಿಫಿಕೇಟ್ ಸಿಕ್ಕಿತ್ತು, ಗರುಡಾದ್ದೂ ಓಡಾಡುತ್ತಿವೆ. ನನ್ನ ಕೇಳಿದರೆ ಹೆಸರಿಗಿಂತ, ಪಂಕ ಮುರಿದಾಗ ವಿಜಯಪುರಕ್ಕೋ ಹುಬ್ಬಳ್ಳಿಗೋ ಬಂದು ಕೂಡಿಸಿಕೊಡುವವರು ಯಾರು ಅನ್ನೋದು ಮುಖ್ಯ. ಬ್ಯಾಟರಿ ಜೋಡಿ ಜಾಸ್ತಿ ತಗೋ. ಹತ್ತು ನಿಮಿಷಕ್ಕೆ ಒಂದು ಮುಗಿಯುತ್ತೆ. ಹೊಲದಲ್ಲಿ ಚಾರ್ಜ್ ಮಾಡಲು ಜನರೇಟರ್ ಬೇಕೇ ಬೇಕು, ನಮ್ಮ ತ್ರೀ ಫೇಸ್ ಬರುವ ಹೊತ್ತು ನಿನಗೂ ಗೊತ್ತಲ್ವಾ.

ಸಬ್ಸಿಡಿ ವಿಷಯ: ಸಣ್ಣ ರೈತರು, ಹೆಣ್ಣುಮಕ್ಕಳು, ಪರಿಶಿಷ್ಟರಿಗೆ 50 ಪರ್ಸೆಂಟ್, 5 ಲಕ್ಷದವರೆಗೆ. ಉಳಿದ ರೈತರಿಗೆ 40, 4 ಲಕ್ಷದವರೆಗೆ. ಮನೆಯವರು ಸ್ವಸಹಾಯ ಸಂಘದಲ್ಲಿದ್ದರೆ ನಮೋ ಡ್ರೋನ್ ದೀದಿ ಯೋಜನೆ ಕೇಳಿ ನೋಡು, ಅದರಲ್ಲಿ ಸಂಘಕ್ಕೆ 80 ಪರ್ಸೆಂಟ್, 8 ಲಕ್ಷದವರೆಗೆ.

ಬೆಳಗಾವಿ ಹತ್ತಿರದ ಮುತಗಾ, ಬಾಳೇಕುಂದ್ರಿ ಕಡೆಯವರೂ ಇದನ್ನು ಓದುತ್ತಿದ್ದರೆ, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಎಬ್ಬಿಸಬೇಡಿ. ಸಾಂಬ್ರಾದಲ್ಲಿ ವಿಮಾನ ನಿಲ್ದಾಣದ ಜೊತೆಗೆ ವಾಯುಪಡೆಯದ್ದೂ ಇದೆ. ನಿಲ್ದಾಣದ ಬೇಲಿಯಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ನೆಲ ಬಿಡುವಂತಿಲ್ಲ. 8ರಿಂದ 12 ಕಿ.ಮೀ. ಒಳಗೆ 200 ಅಡಿ ಎತ್ತರದ ತನಕ ಹಸಿರು, ಅಂದರೆ ಅನುಮತಿ ಬೇಕಿಲ್ಲ, ನಾವು ಬೆಳೆ ಮೇಲೆ ಎರಡು ಮೂರು ಮೀಟರಿನಲ್ಲಿ ಹೊಡೆಯುವವರಿಗೆ ಅದು ಬೇಕಾದಷ್ಟಾಯಿತು.

ದ್ರಾಕ್ಷಿಗೆ ಆಗುತ್ತಾ ಅಂತ ತಿಕೋಟಾದ ಅಣ್ಣಾರು ಕೇಳಿದ್ದರು. ಎಲೆಯ ಕೆಳಗೆ ಸರಿಯಾಗಿ ಮುಟ್ಟಲ್ಲರೀ, ದ್ರಾಕ್ಷಿಗೆ ಟ್ರ್ಯಾಕ್ಟರ್ ಬ್ಲೋವರೇ ವಾಸಿ. ತಲೆಗಿಂತ ಎತ್ತರ ಬೆಳೆದ ಕಬ್ಬಿಗೆ, ತೊಗರಿಗೆ ಮಾತ್ರ ಡ್ರೋನ್ ಬಿಟ್ಟರೆ ಬೇರೆ ಇಲ್ಲ. ಅದೂ ಬೆಳಿಗ್ಗೆ, ಗಾಳಿ ಏಳುವ ಮುಂಚೆ. ಪಕ್ಕದವರ ರೇಷ್ಮೆ ತೋಟಕ್ಕೆ ಒಂದು ಹನಿ ಹಾರಿತೋ, ಪಂಚಾಯಿತಿ ಕಟ್ಟೆ ಹತ್ತಬೇಕಾಗುತ್ತೆ. ಬ್ಯಾಚ್ ಡೇಟ್ ಸಿಕ್ಕರೆ ಇಲ್ಲೇ ಹಾಕು ತಮ್ಮಾ, ನಮ್ಮೂರಿನ ಇಬ್ಬರು ಹುಡುಗರು ಬರ್ತಾರೆ.