ಸಿಎಂಎಲ್ ಇಟ್ಟುಕೊಂಡು ಮ್ಯಾಂಚೆಸ್ಟರ್‌ಗೆ ಬರುವವರಿಗೆ

ನೀವು ಕೇಳಿದ್ದು ಎರಡು ವಿಷಯ. ನಿಮಗೆ ಮ್ಯಾಂಚೆಸ್ಟರ್‌ನಲ್ಲಿ ಐಟಿ ಕೆಲಸ ಸಿಕ್ಕಿದೆ. ನಿಮ್ಮ ಯಜಮಾನರಿಗೆ ಸಿಎಂಎಲ್ (ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್) ಇದೆ, ಅದಕ್ಕೆ ಎರಡು ವರ್ಷದಿಂದ ಡಾಸಾಟಿನಿಬ್ ಮಾತ್ರೆ 100 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಾರೆ, ಇಲ್ಲಿ ಒಳ್ಳೆಯ ತಜ್ಞರನ್ನು ಹುಡುಕುವುದು ಹೇಗೆ? ಎರಡನೆಯದು, ಎಎಂಎಲ್ (ವೇಗವಾಗಿ ಬೆಳೆಯುವ ರಕ್ತದ ಕ್ಯಾನ್ಸರ್) ಬಂದಿರುವ ನಿಮ್ಮ ಮಾವನವರನ್ನು ವಿಸಿಟ್ ವೀಸಾದಲ್ಲಿ ಕರೆಸಿ ಇಲ್ಲೇ ಚಿಕಿತ್ಸೆ ಕೊಡಿಸಬಹುದೇ?

ಮೊದಲನೆಯದಕ್ಕೆ ನೇರ ಉತ್ತರ: ತಜ್ಞರು ಸಿಗುತ್ತಾರೆ, ಅದು ಕಷ್ಟವಲ್ಲ. ಬೆಂಗಳೂರಿನಿಂದ ತಂದ ಕೊನೆಯ ಸ್ಟ್ರಿಪ್ ಮುಗಿಯುವುದಕ್ಕೂ ಇಲ್ಲಿನ ಆಸ್ಪತ್ರೆಯ ಫಾರ್ಮಸಿ ಮೊದಲ ಡಬ್ಬಿ ಕೊಡುವುದಕ್ಕೂ ನಡುವೆ ಬರುವ ಖಾಲಿ ದಿನಗಳೇ ಕಷ್ಟ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಸಿಎಂಎಲ್‌ನ ಇನ್ನೊಂದು ಮಾತ್ರೆ ಇಮಾಟಿನಿಬ್ ತೆಗೆದುಕೊಳ್ಳುವ ರೋಗಿಗಳ ಬಗ್ಗೆ. ಶೇ. 90ಕ್ಕಿಂತ ಕಡಿಮೆ ಡೋಸ್ ತೆಗೆದುಕೊಂಡವರಲ್ಲಿ ಫಲಿತಾಂಶ ತೀರಾ ಕುಸಿದಿತ್ತು. ಶೇ. 90 ಅಂದರೆ ತಿಂಗಳಿಗೆ ಬರೀ ಮೂರು ಮಾತ್ರೆ ತಪ್ಪಿದ ಲೆಕ್ಕ. ಮನೆ ಬದಲಿಸುವ ಗಡಿಬಿಡಿಯಲ್ಲಿ ಮೂರು ಮಾತ್ರೆ ತಪ್ಪುವುದು ಎಷ್ಟು ಹೊತ್ತು?

ವೀಸಾ ವಿಷಯಕ್ಕೆ ಹೆದರಬೇಡಿ. ಆಸ್ಟ್ರೇಲಿಯಾ, ಕೆನಡಾಗಳಲ್ಲಿ ಚಿಕಿತ್ಸೆಯ ಖರ್ಚು ಲೆಕ್ಕ ಹಾಕಿ ವೀಸಾ ತಡೆಯುವ ನಿಯಮಗಳಿವೆ. ಬ್ರಿಟನ್ ಭಾರತದಿಂದ ಬರುವವರಿಗೆ ಕೇಳುವುದು ಟಿಬಿ ಪರೀಕ್ಷೆಯ ಸರ್ಟಿಫಿಕೇಟ್ ಮಾತ್ರ, ರಕ್ತದ ಕಾಯಿಲೆ ಅದರಲ್ಲಿ ಬರುವುದಿಲ್ಲ. ವೀಸಾ ಅರ್ಜಿಯ ಜೊತೆ ಐಎಚ್‌ಎಸ್ ಎಂಬ ಆರೋಗ್ಯ ಶುಲ್ಕ ಕಟ್ಟಬೇಕು. 2024ರ ಫೆಬ್ರವರಿಯಿಂದ ಅದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್. ಮೂರು ವರ್ಷದ ವೀಸಾ ಆದರೆ ಒಬ್ಬರಿಗೆ 3,105, ಪೂರ್ತಿ ಮುಂಗಡ. ಕಟ್ಟಿದ ಮೇಲೆ ‘ಮೊದಲೇ ಇದ್ದ ಕಾಯಿಲೆ’ ಎಂಬ ಮಾತೇ ಇಲ್ಲ, ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ಚಿಕಿತ್ಸೆ ಮೊದಲ ದಿನದಿಂದ ಸಿಗುತ್ತದೆ. ಕಂಪನಿ ಕೊಡುವ ಖಾಸಗಿ ಇನ್ಶೂರೆನ್ಸ್ ನಂಬಿ ಲೆಕ್ಕ ಹಾಕಬೇಡಿ. ಇಲ್ಲಿನ ಪಾಲಿಸಿಗಳು ದೀರ್ಘಕಾಲದ ಕಾಯಿಲೆಗಳನ್ನು ಸಾಮಾನ್ಯವಾಗಿ ಹೊರಗಿಡುತ್ತವೆ.

ಈಗ ಮಾತ್ರೆಯ ವಿಷಯ. ಇಲ್ಲಿ ಜಿಪಿ ಅಂದರೆ ಮನೆ ವೈದ್ಯರು, ಎಲ್ಲವೂ ಅವರ ಮೂಲಕವೇ ಹೋಗಬೇಕು. ಆದರೆ ಡಾಸಾಟಿನಿಬ್, ಇಮಾಟಿನಿಬ್, ನಿಲೋಟಿನಿಬ್ ಇವನ್ನು ಜಿಪಿ ಬರೆದುಕೊಡುವುದಿಲ್ಲ. ಆಸ್ಪತ್ರೆಯ ಹೆಮಟಾಲಜಿ (ರಕ್ತರೋಗ) ವಿಭಾಗವೇ ಬರೆಯಬೇಕು, ಮಾತ್ರೆಯೂ ಆ ಮೂಲಕವೇ ಬರಬೇಕು. ಹೊಸಬರು ಎಡವುವುದು ಇಲ್ಲೇ. ಜಿಪಿ ಹತ್ತಿರ ಹೋದರೆ ಚೀಟಿ ಸಿಗುತ್ತದೆ ಅಂದುಕೊಂಡು ಒಂದು ತಿಂಗಳ ಮಾತ್ರೆ ಮಾತ್ರ ತಂದಿರುತ್ತಾರೆ. ತಜ್ಞರ ಬಳಿ ಕಳಿಸುವ ಪತ್ರ ತುರ್ತು ಎಂದು ಗುರುತಾಗದಿದ್ದರೆ ಮಾಮೂಲಿ ಸಾಲಿನಲ್ಲಿ ಕೂರುತ್ತದೆ. ಆ ಸಾಲಿನ ಗುರಿಯೇ 18 ವಾರ.

ಆದ್ದರಿಂದ ಪೂರ್ತಿ 3 ತಿಂಗಳ ಮಾತ್ರೆ ತನ್ನಿ. ಮೂಲ ಸ್ಟ್ರಿಪ್‌ನಲ್ಲೇ, ಔಷಧದ ಜೆನೆರಿಕ್ ಹೆಸರಿರುವ ಚೀಟಿಯೊಂದಿಗೆ, ಕೈಚೀಲದಲ್ಲಿ. ಚೆಕ್‌ಇನ್ ಸೂಟ್‌ಕೇಸಿಗೆ ಹಾಕಬೇಡಿ, ಅದು ತಡವಾಗಿ ಬರುವುದೂ ಉಂಟು. ಬಂದ ವಾರದಲ್ಲೇ, ಬಾಡಿಗೆ ಮನೆ ಅಂತಿಮವಾಗದಿದ್ದರೂ, ಉಳಿದುಕೊಂಡ ವಿಳಾಸದಲ್ಲೇ ಜಿಪಿ ಬಳಿ ಹೆಸರು ನೋಂದಾಯಿಸಿ. ಕಾಗದದ ಫಾರಂ, ಅಥವಾ ಆನ್‌ಲೈನ್. ಗುರುತಿನ ಚೀಟಿ, ವಿಳಾಸದ ದಾಖಲೆ ಇಲ್ಲ ಎಂದು ನೋಂದಣಿ ನಿರಾಕರಿಸುವ ಹಾಗಿಲ್ಲ. ರಿಸೆಪ್ಷನ್‌ನವರು ಕೇಳಿದರೆ ಮೆಲ್ಲಗೆ ಇದನ್ನೇ ಹೇಳಿ.

ಜಿಪಿ ಭೇಟಿಯಲ್ಲಿ ಬೆಂಗಳೂರಿನ ಹೆಮಟಾಲಜಿಸ್ಟ್ ಕೊಟ್ಟ ಒಂದೇ ಪುಟದ ಪತ್ರ ಮುಂದಿಡಿ. ಅದರ ಮೊದಲ ಸಾಲಿನಲ್ಲೇ ‘ಮಾತ್ರೆ ಇಂಥ ತಾರೀಖಿಗೆ ಮುಗಿಯುತ್ತದೆ, ನಡುವೆ ನಿಲ್ಲಿಸುವಂತಿಲ್ಲ’ ಎಂದಿರಲಿ. ಆ ತಾರೀಖು ಕಂಡರೆ ರೆಫರಲ್ (ತಜ್ಞರ ಬಳಿ ಕಳಿಸುವ ಪತ್ರ) ನೋಡುವವರು ಅದನ್ನು ಮುಂದಕ್ಕೆ ಎತ್ತಿಕೊಳ್ಳುವ ಸಾಧ್ಯತೆ ಹೆಚ್ಚು. ಮೂರು ವಾರದ ಮಾತ್ರೆ ಉಳಿದಾಗಲೂ ಅಪಾಯಿಂಟ್‌ಮೆಂಟ್ ಬಂದಿಲ್ಲವೆಂದರೆ ಸುಮ್ಮನಿರಬೇಡಿ. ಆಸ್ಪತ್ರೆಯ ಹೆಮಟಾಲಜಿ ಕಾರ್ಯದರ್ಶಿಗೆ ಫೋನ್ ಮಾಡಿ. ಆಗಲೂ ಆಗದಿದ್ದರೆ, ಆನ್-ಕಾಲ್ ಹೆಮಟಾಲಜಿಸ್ಟ್ ಜೊತೆ ಮಾತಾಡುವಂತೆ ಜಿಪಿಯನ್ನೇ ಕೇಳಿ.

ಪತ್ರದ ಜೊತೆ ಬೇಕಾದ ದಾಖಲೆಗಳಲ್ಲಿ ಜನ ಮರೆಯುವುದು ಒಂದೇ: ರೋಗ ಪತ್ತೆಯಾದ ದಿನದ ಬಿಸಿಆರ್-ಎಬಿಎಲ್ (ಸಿಎಂಎಲ್‌ಗೆ ಕಾರಣವಾಗುವ ಜೀನ್) ಟ್ರಾನ್ಸ್‌ಕ್ರಿಪ್ಟ್, ಅಂದರೆ ಆ ಜೀನ್‌ನ ಆರ್‌ಎನ್‌ಎ ಪ್ರತಿ, ಯಾವ ಬಗೆ ಎಂಬುದು. ಬಹುತೇಕರಲ್ಲಿ ಇ13ಎ2 ಅಥವಾ ಇ14ಎ2 ಇರುತ್ತದೆ. ಅಪರೂಪಕ್ಕೆ ಬೇರೆ ಬಗೆಯಿದ್ದರೆ ಮಾಮೂಲಿ ಪಿಸಿಆರ್ (ರಕ್ತದಲ್ಲಿ ಅದರ ಪ್ರಮಾಣ ಅಳೆಯುವ ಪರೀಕ್ಷೆ) ಅದನ್ನು ಹಿಡಿಯುವುದೇ ಇಲ್ಲ, ವರದಿ ‘ಸೊನ್ನೆ’ ಎನ್ನುತ್ತದೆ, ರೋಗ ಇದ್ದೇ ಇರುತ್ತದೆ. ಇದಲ್ಲದೆ ಮೊದಲ ಮೂಳೆಮಜ್ಜೆಯ ವರದಿ, ಕ್ರೋಮೋಸೋಮ್ ವರದಿ, ಈವರೆಗಿನ ಎಲ್ಲ ಪಿಸಿಆರ್ ಫಲಿತಾಂಶಗಳು ತಾರೀಖಿನೊಂದಿಗೆ, ಇಂಟರ್‌ನ್ಯಾಷನಲ್ ಸ್ಕೇಲ್ (ಎಲ್ಲ ಲ್ಯಾಬ್‌ಗಳಿಗೂ ಒಂದೇ ಅಳತೆ) ಶೇಕಡಾದಲ್ಲಿ. ಇಮಾಟಿನಿಬ್‌ನಿಂದ ಡಾಸಾಟಿನಿಬ್‌ಗೆ ಬದಲಾಯಿಸಿದ್ದಾದರೆ ಏಕೆ ಎಂಬುದೂ ಬೇಕು. ಮಾತ್ರೆ ಒಗ್ಗಲಿಲ್ಲವೋ, ಕೆಲಸ ಮಾಡಲಿಲ್ಲವೋ? ಮಾಡದಿದ್ದರೆ ಟಿ315ಐ ಮ್ಯುಟೇಶನ್ (ಈ ಮಾತ್ರೆಗಳಿಗೆ ಬಗ್ಗದ ಜೀನ್ ಬದಲಾವಣೆ) ನೋಡಿದ್ದರೆ ಆ ವರದಿ. ಹೆಪಟೈಟಿಸ್ ಬಿ ಪರೀಕ್ಷೆಯ ಫಲಿತಾಂಶವೂ ಇರಲಿ, ಈ ಮಾತ್ರೆಗಳಿಂದ ಹಳೆಯ ಹೆಪಟೈಟಿಸ್ ಬಿ ಮತ್ತೆ ತಲೆಯೆತ್ತಬಹುದು.

ಇಲ್ಲಿನ ಮೊದಲ ಪಿಸಿಆರ್ ಬೆಂಗಳೂರಿನದಕ್ಕಿಂತ ಕೊಂಚ ಏರಿಳಿತ ತೋರಿಸಿದರೆ ಗಾಬರಿ ಬೇಡ. ಲ್ಯಾಬ್ ಬದಲಾದರೆ ಸಣ್ಣ ವ್ಯತ್ಯಾಸ ಸಹಜ. ವೈದ್ಯರು ಮತ್ತೊಮ್ಮೆ ಮಾಡಿಸಿಯೇ ತೀರ್ಮಾನಕ್ಕೆ ಬರುತ್ತಾರೆ.

ಆಸ್ಪತ್ರೆ ಯಾವುದು? ಮ್ಯಾಂಚೆಸ್ಟರ್ ರಾಯಲ್ ಇನ್‌ಫರ್ಮರಿ ಇದೆ, ವಿದಿಂಗ್ಟನ್‌ನಲ್ಲಿ ದಿ ಕ್ರಿಸ್ಟಿ ಇದೆ. ಇಂಗ್ಲೆಂಡಿನಲ್ಲಿ ಮೊದಲ ಭೇಟಿಗೆ ಆಸ್ಪತ್ರೆ ಆರಿಸುವ ಹಕ್ಕು ಸಾಮಾನ್ಯವಾಗಿ ರೋಗಿಗೇ ಇದೆ. ರೋಗ ಹತೋಟಿಯಲ್ಲಿದ್ದರೆ ನನ್ನ ಅಭಿಪ್ರಾಯದಲ್ಲಿ ದೊಡ್ಡ ಹೆಸರಿಗಿಂತ ಬಸ್ಸಿನಲ್ಲಿ ಸುಲಭವಾಗಿ ತಲುಪುವ ಆಸ್ಪತ್ರೆಯೇ ಮೇಲು, ಮೂರು ತಿಂಗಳಿಗೊಮ್ಮೆ ರಕ್ತ ಕೊಡಲು ಹೋಗಬೇಕಲ್ಲ. ಮೂರನೆಯ ಬಗೆಯ ಮಾತ್ರೆಗೆ ಬದಲಾಯಿಸುವ ಪ್ರಸಂಗ ಬಂದರೆ ಆಗ ವಿಶೇಷ ಕೇಂದ್ರದ ಅಭಿಪ್ರಾಯ ಕೇಳಿಸಿಕೊಳ್ಳಬಹುದು.

ಜಿಪಿ ಕ್ಲಿನಿಕ್ಕಿನಿಂದಲೇ ಎಫ್‌ಪಿ92ಎ ಫಾರಂ ತುಂಬಿಸಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ 5 ವರ್ಷ ಔಷಧ ಶುಲ್ಕ ವಿನಾಯಿತಿ ಸಿಗುತ್ತದೆ. ಇಲ್ಲದಿದ್ದರೆ ಒಂದೊಂದು ಔಷಧಕ್ಕೆ 9.90 ಪೌಂಡ್.

ಅಡುಗೆಮನೆ, ಔಷಧ ಡಬ್ಬಿಯ ಎಚ್ಚರಿಕೆಗಳು: ಊರಿನಿಂದ ತರುವ ಪ್ಯಾನ್-ಡಿ ಬೇಡ. ಹೊಟ್ಟೆಯ ಆಮ್ಲ ತಗ್ಗಿಸುವ ಆ ಬಗೆಯ ಮಾತ್ರೆಗಳಿಂದ ಡಾಸಾಟಿನಿಬ್ ಮೈಗೆ ಸೇರುವುದು ಕಡಿಮೆಯಾಗುತ್ತದೆ. ಎದೆ ಉರಿಗೆ ಡೈಜೀನ್ ಬಗೆಯದಾದರೆ ಮಾತ್ರೆಗೆ ಎರಡು ಗಂಟೆ ಮುಂಚೆ ಅಥವಾ ಎರಡು ಗಂಟೆ ಬಿಟ್ಟು. ಗ್ರೇಪ್‌ಫ್ರೂಟ್, ಅದರ ಬಂಧು ನಮ್ಮ ಚಕ್ಕೋತ, ಸೆವಿಲ್ ಕಿತ್ತಳೆಯ ಮಾರ್ಮಲೇಡ್ ಇವು ಮಾತ್ರೆಯ ಮಟ್ಟ ಏರಿಸಬಹುದು, ದೂರವಿರಲಿ. ದೇವನಹಳ್ಳಿ ಚಕ್ಕೋತ ತಂದುಕೊಡುವ ನೆಂಟರಿಗೂ ಹೇಳಿಬಿಡಿ! ಕೆಮ್ಮಿಗೆಂದು ಕ್ಲಾರಿಥ್ರೋಮೈಸಿನ್ ಬರೆದರೆ ಡಾಸಾಟಿನಿಬ್ ವಿಷಯ ಬಾಯಿಬಿಟ್ಟು ಹೇಳಿ. ಚಳಿಗಾಲದಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು, ಒಣ ಕೆಮ್ಮು ಶುರುವಾದರೆ ಶೀತವೆಂದು ತಳ್ಳಿಹಾಕಬೇಡಿ. ಡಾಸಾಟಿನಿಬ್‌ನಿಂದ ಶ್ವಾಸಕೋಶದ ಸುತ್ತ ನೀರು ಸೇರುವುದುಂಟು, ಎಕ್ಸ್‌ರೇ ಬೇಕು.

ಇನ್ನು ಮಾವನವರ ಪ್ರಶ್ನೆ. ವಿಸಿಟ್ ವೀಸಾದಲ್ಲಿ ಬಂದವರಿಗೆ ಎನ್‌ಎಚ್‌ಎಸ್ ಆಸ್ಪತ್ರೆಯ ಚಿಕಿತ್ಸೆ ಉಚಿತವಲ್ಲ. ದರದ ಶೇ. 150ರಷ್ಟು ಬಿಲ್ ಬರುತ್ತದೆ, ತುರ್ತಲ್ಲದ್ದಕ್ಕೆ ಮುಂಗಡವಾಗಿ. 500 ಪೌಂಡಿಗೆ ಮೇಲ್ಪಟ್ಟ ಬಾಕಿ ಉಳಿದರೆ ಮುಂದಿನ ವೀಸಾ ತಿರಸ್ಕಾರಕ್ಕೂ ಕಾರಣವಾಗಬಹುದು. ಖಾಸಗಿ ಚಿಕಿತ್ಸೆಗೆ 11 ತಿಂಗಳವರೆಗಿನ ವೀಸಾ ಇದೆ, ಹಣವಿದೆ ಎಂದು ತೋರಿಸಬೇಕು. ಹಣಕ್ಕಿಂತ ಮೊದಲು ನೋಡಬೇಕಾದದ್ದು ಸಮಯ: ಎಎಂಎಲ್ ವಾರಗಳಲ್ಲಿ ಬೆಳೆಯುವ ಕಾಯಿಲೆ, ವೀಸಾಗೆ ಕಾಯುವಂಥದ್ದಲ್ಲ. ಇಂಡಕ್ಷನ್ ಕೀಮೋ (ಮೊದಲ ಸುತ್ತಿನ ಕೀಮೋಥೆರಪಿ) ನಡುವೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ತೀರಾ ಇಳಿದಿರುವಾಗ ವಿಮಾನ ಹತ್ತಿಸುವ ಮಾತೇ ಇಲ್ಲ. ಕಿದ್ವಾಯಿಯಂಥ ಕಡೆ ಈ ವಾರವೇ ಶುರು ಮಾಡಲಿ. ಮುಂದೆ ಮಜ್ಜೆ ಕಸಿಯ ಮಾತು ಬಂದರೆ ಒಡಹುಟ್ಟಿದವರ ಎಚ್‌ಎಲ್‌ಎ (ಮಜ್ಜೆ ಹೊಂದುತ್ತದೆಯೇ ಎಂದು ನೋಡುವ) ಪರೀಕ್ಷೆಯನ್ನೂ ಅಲ್ಲೇ ಮಾಡಿಸಿಕೊಳ್ಳಬಹುದು.